ಕೊಂದವನಿಗೆ ಕೀರ್ತಿ, ಸತ್ತವರಿಗೆ ಮರೆವು



1888ರ ಸೆಪ್ಟೆಂಬರ್ 8, ಶನಿವಾರ. ಲಂಡನ್ ನಗರದ ಪೂರ್ವ ಭಾಗದ ಹ್ಯಾನ್‌ಬರಿ ಸ್ಟ್ರೀಟ್‌ನಲ್ಲಿ 29ನೇ ನಂಬರಿನ ಮನೆಯ ಹಿತ್ತಲಲ್ಲಿ ಬೆಳಗಿನ ಜಾವ ಒಬ್ಬ ಹೆಂಗಸಿನ ಶವ ಸಿಕ್ಕಿತು. ಪೊಲೀಸರು ಬಂದರು, ಶವವನ್ನು ಸಾಗಿಸಿದರು. ಸುದ್ದಿ ಹರಡಿದಂತೆ ಬೀದಿಯಲ್ಲಿ ಜನ ಕಿಕ್ಕಿರಿದರು. ಅಕ್ಕಪಕ್ಕದ ಮನೆಗಳ ಕಿಟಕಿಯಿಂದ ಆ ಹಿತ್ತಲು ಕಾಣುತ್ತಿತ್ತು. ಆ ಮನೆಗಳಲ್ಲಿದ್ದವರು ಕಿಟಕಿಯ ಬಳಿ ನಿಂತು ನೋಡುವುದಕ್ಕೆ ತಲೆಗೆ ಇಷ್ಟು ಎಂದು ಕಾಸು ವಸೂಲು ಮಾಡತೊಡಗಿದರು. ಕಾಸು ಕೊಟ್ಟು ನೋಡಿದವರು ನೂರಾರು ಮಂದಿ. ತಿಂಡಿ, ಹಣ್ಣು ಮಾರುವ ಗಾಡಿಗಳೂ ಬಂದವು. ನೋಡಲು ಹಿತ್ತಲಲ್ಲಿ ಉಳಿದಿದ್ದುದು ಕಲೆಯಾದ ನೆಲ, ಒಂದು ಮರದ ಬೇಲಿ, ಅಷ್ಟೆ.

ಹೀಗೆ ಕಾಸು ಪಡೆದವರನ್ನು ಕಟುಕರೆಂದು ಬೈಯುವುದು ಸುಲಭ. ಅವರೂ ಕಡುಬಡವರೇ. ಒಂದು ಕೋಣೆಯಲ್ಲಿ ಒಂದು ಸಂಸಾರ ಇರುತ್ತಿದ್ದ ಕೇರಿ ಅದು. ಕಾಸು ಕೊಟ್ಟವರೂ ರಾಕ್ಷಸರೇನಲ್ಲ. ಶನಿವಾರ ಬಿಡುವಾಗಿದ್ದ ಸಾಮಾನ್ಯ ಜನ. ಭಯ, ಕುತೂಹಲ, ಕೆಟ್ಟದ್ದು ತಮಗೆ ಆಗಲಿಲ್ಲವೆಂಬ ಸಮಾಧಾನ, ಈ ಮೂರೂ ಅವರನ್ನು ಅಲ್ಲಿಗೆ ಎಳೆದು ತಂದಿದ್ದವು. ಇವು ಎಲ್ಲ ಕಾಲದ ಮನುಷ್ಯರಲ್ಲೂ ಇರುವ ಭಾವನೆಗಳು. ಆದರೆ ಆ ದಿನ ಕಿಟಕಿಯ ಬಳಿ ಕೊಟ್ಟ ಕಾಸಿನಲ್ಲಿ ಒಂದಾದರೂ ಸತ್ತ ಹೆಂಗಸಿನ ಮಕ್ಕಳ ಕೈ ಸೇರಿತೆಂಬ ದಾಖಲೆ ಇಲ್ಲ. ಆಕೆಯ ಹೆಸರು ಆನಿ ಚಾಪ್ಮನ್.

ನಿಜವಾಗಿ ನಡೆದ ಅಪರಾಧವನ್ನು ಕಥೆ ಮಾಡಿ ಜನರನ್ನು ರಂಜಿಸುವುದು ಇಂದು ದೊಡ್ಡ ಉದ್ಯಮವಾಗಿ ಬೆಳೆದಿದೆ. ಪುಸ್ತಕ, ಸಿನಿಮಾ, ಟಿ.ವಿ. ಕಾರ್ಯಕ್ರಮ, ಮೊಬೈಲಿನಲ್ಲಿ ನೋಡುವ ಕೇಳುವ ಸರಣಿಗಳು ಎಲ್ಲದರಲ್ಲೂ ಅದಕ್ಕೆ ಮಾರುಕಟ್ಟೆ ಇದೆ. ಪತ್ತೇದಾರಿ ಕಾದಂಬರಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಕಾದಂಬರಿಯಲ್ಲಿ ಸಾಯುವ ಪಾತ್ರಕ್ಕೆ ಲೇಖಕ ಕೊಟ್ಟಷ್ಟೇ ಬಂಧುಬಳಗ. ನಿಜ ಕೊಲೆಯಲ್ಲಿ ಸತ್ತವರಿಗೆ ತಾಯಿ ಇರುತ್ತಾಳೆ, ಮಗ ಇರುತ್ತಾನೆ, ಅವರು ಅದೇ ಟಿ.ವಿ.ಯ ಮುಂದೆ ಕುಳಿತಿರಬಹುದು. ಹೀಗಿರುವಾಗ ಯಾರ ದುಃಖ ಯಾರಿಗೆ ಸರಕಾಗುತ್ತದೆ, ಅದನ್ನು ಹೇಳುವುದಕ್ಕೂ ಕೇಳುವುದಕ್ಕೂ ಏನು ಮರ್ಯಾದೆ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಹುಡುಕುವುದಕ್ಕೆ ಲಂಡನ್ನಿನ ಆ ವರ್ಷದ ಕೊಲೆಗಳಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಗಲ್ಲಿನ ಬುಡದ ಲಾವಣಿ

ಈ ವ್ಯಾಪಾರ 1888ರಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡಿನಲ್ಲಿ 1868ರವರೆಗೂ ಅಪರಾಧಿಗಳನ್ನು ಸಾರ್ವಜನಿಕವಾಗಿ ಗಲ್ಲಿಗೇರಿಸುತ್ತಿದ್ದರು. ಜಾತ್ರೆಯಂತೆ ಸೇರುತ್ತಿದ್ದ ಜನರ ನಡುವೆ ಒಂದು ಹಾಳೆಯ ಲಾವಣಿಗಳು ಬಿಸಿಬಿಸಿಯಾಗಿ ಮಾರಾಟವಾಗುತ್ತಿದ್ದವು. ಸಾಯಲಿರುವ ಕೊಲೆಗಾರನೇ ಪಶ್ಚಾತ್ತಾಪಪಟ್ಟು ಹೇಳಿದಂತೆ ಅವುಗಳಲ್ಲಿ ಪದ್ಯ ಇರುತ್ತಿತ್ತು. ಎಷ್ಟೋ ಸಲ ಅವನು ಬಾಯಿ ತೆರೆಯುವ ಮೊದಲೇ ಅವನ ಕೊನೆಯ ಮಾತು ಅಚ್ಚಾಗಿ ಸಿದ್ಧವಾಗಿರುತ್ತಿತ್ತು.

1827ರಲ್ಲಿ ಸಫೋಕ್ ಪ್ರಾಂತದ ಪೋಲ್‌ಸ್ಟೆಡ್ ಎಂಬ ಹಳ್ಳಿಯಲ್ಲಿ ಮರಿಯಾ ಮಾರ್ಟೆನ್ ಎಂಬ ಯುವತಿಯನ್ನು ಅವಳ ಪ್ರಿಯಕರ ವಿಲಿಯಂ ಕಾರ್ಡರ್ ಕೊಂದು ಒಂದು ಕಣಜದ ಕೊಟ್ಟಿಗೆಯಲ್ಲಿ ಹೂಳಿದ. ಮರುವರ್ಷ ಅವನಿಗೆ ಗಲ್ಲಾಯಿತು. ಅವನ ಕೊನೆಯ ಮಾತಿನ ಹಾಳೆಗಳು ಹತ್ತು ಲಕ್ಷಕ್ಕೂ ಮಿಕ್ಕಿ ಖರ್ಚಾದವೆಂದು ಹೇಳುತ್ತಾರೆ. ವಿಚಾರಣೆ ಮುಗಿಯುವ ಮೊದಲೇ ಈ ಕೊಲೆ ನಾಟಕವಾಗಿ, ಗೊಂಬೆಯಾಟವಾಗಿ ಊರೂರು ಸುತ್ತಿತು. ಯಾತ್ರೆಗೆ ಬಂದಂತೆ ಪೋಲ್‌ಸ್ಟೆಡ್‌ಗೆ ಬಂದ ಜನ ಕೊಟ್ಟಿಗೆಯ ಹಲಗೆಗಳನ್ನು ನೆನಪಿಗೆಂದು ಕಿತ್ತುಕೊಂಡು ಹೋದರು. ಅಷ್ಟಕ್ಕೇ ನಿಲ್ಲಲಿಲ್ಲ. ಮರಿಯಾಳ ಗೋರಿಯ ಮೇಲಿದ್ದ ಕಲ್ಲನ್ನೂ ಚೂರುಚೂರಾಗಿ ಒಡೆದು ಒಯ್ದರು. ಕೊನೆಗೆ ಕಲ್ಲೇ ಉಳಿಯಲಿಲ್ಲ. ಕಾರ್ಡರ್‌ನ ಚರ್ಮದಿಂದ ರಟ್ಟು ಕಟ್ಟಿದ ಪುಸ್ತಕವೊಂದು ಮಾತ್ರ ಬರಿ ಸೇಂಟ್ ಎಡ್ಮಂಡ್ಸ್ ಪಟ್ಟಣದ ಮ್ಯೂಸಿಯಮ್ಮಿನಲ್ಲಿ ಜೋಪಾನವಾಗಿದೆ. ಕೊಂದವನ ಚರ್ಮ ಉಳಿಯಿತು, ಸತ್ತವಳ ಗೋರಿಕಲ್ಲು ಪ್ರವಾಸಿಗರ ಜೇಬು ಸೇರಿತು.

ಪತ್ರಿಕೆಗಳು ಕೊಟ್ಟ ಹೆಸರು

ಲಾವಣಿಯ ಹಾಳೆ ಹಿಂದೆ ಸರಿದು ಆ ಜಾಗಕ್ಕೆ ದಿನಪತ್ರಿಕೆ ಬಂತು. ಬ್ರಿಟನ್ನಿನಲ್ಲಿ 1855ರಲ್ಲಿ ಪತ್ರಿಕೆಗಳ ಮೇಲಿನ ಮುದ್ರಾಂಕ ಸುಂಕ ರದ್ದಾಗಿ ಬೆಲೆ ಇಳಿಯಿತು. 1870ರ ಶಿಕ್ಷಣ ಕಾಯ್ದೆಯಿಂದ ಓದು ಬಲ್ಲವರು ಹೆಚ್ಚಿದರು. ಅರ್ಧ ಪೆನ್ನಿಯ ಸಂಜೆ ಪತ್ರಿಕೆಗಳು ಪೈಪೋಟಿಗೆ ಇಳಿದವು. ಅವುಗಳಲ್ಲಿ ಒಂದಾದ ‘ದಿ ಸ್ಟಾರ್’ ಆರಂಭವಾದದ್ದು 1888ರ ಜನವರಿಯಲ್ಲಿ. ಅದೇ ವರ್ಷದ ಆಗಸ್ಟ್ 31ರಿಂದ ನವೆಂಬರ್ 9ರ ನಡುವೆ ವೈಟ್‌ಚಾಪೆಲ್ ಮತ್ತು ಅದರ ಆಸುಪಾಸಿನಲ್ಲಿ ಐವರು ಹೆಂಗಸರ ಕೊಲೆಯಾಯಿತು. ಈ ಐದೂ ಒಬ್ಬನ ಕೃತ್ಯವೆಂಬುದು ಸಾಮಾನ್ಯ ನಂಬಿಕೆ. ಕೊಲೆಗಾರ ಸಿಕ್ಕಲಿಲ್ಲ. ಪತ್ರಿಕೆಗಳ ಪ್ರಸಾರ ಮಾತ್ರ ಏರಿತು.

ಸೆಪ್ಟೆಂಬರ್ 27ರಂದು ಸೆಂಟ್ರಲ್ ನ್ಯೂಸ್ ಎಂಬ ಸುದ್ದಿಸಂಸ್ಥೆಗೆ ಕೆಂಪು ಶಾಯಿಯಲ್ಲಿ ಬರೆದ ಪತ್ರವೊಂದು ಬಂತು. ಬರೆದವನು ತಾನೇ ಕೊಲೆಗಾರನೆಂದು ಬಡಾಯಿ ಕೊಚ್ಚಿ, ಕೆಳಗೆ ‘ಜಾಕ್ ದಿ ರಿಪ್ಪರ್’ ಎಂದು ಸಹಿ ಹಾಕಿದ್ದ. ‘ರಿಪ್ಪರ್’ ಎಂದರೆ ಸೀಳುವವನು. ಆ ಪತ್ರ ಬರೆದದ್ದು ಕೊಲೆಗಾರನಲ್ಲ, ಯಾರೋ ಪತ್ರಕರ್ತನೇ ಇರಬೇಕೆಂದು ಹಿರಿಯ ಪೊಲೀಸ್ ಅಧಿಕಾರಿಗಳು ಮುಂದೆ ಬರೆದಿದ್ದಾರೆ. ಅವರ ಮಾತು ನಿಜವಾದರೆ, ಇಡೀ ಲೋಕಕ್ಕೆ ಗೊತ್ತಿರುವ ಆ ಹೆಸರು ಸುದ್ದಿಮನೆಯಲ್ಲಿ ಹುಟ್ಟಿದ್ದು. ಅದಕ್ಕೆ ಮುಂಚೆ ಪತ್ರಿಕೆಗಳು ‘ಲೆದರ್ ಏಪ್ರನ್’ ಎಂಬ ಇನ್ನೊಂದು ಹೆಸರನ್ನು ಓಡಿಸಿದ್ದವು. ಆ ಗುಮಾನಿ ಬಿದ್ದದ್ದು ಯೆಹೂದಿ ಸಮುದಾಯದ ಒಬ್ಬ ಚಪ್ಪಲಿ ಹೊಲಿಯುವವನ ಮೇಲೆ. ಜನ ಹೊಡೆದಾರೆಂಬ ಭಯದಿಂದ ಅವನು ಮನೆಯೊಳಗೇ ಅಡಗಿ ಕೂರಬೇಕಾಯಿತು. ಕೊನೆಗೆ ವಿಚಾರಣೆಯ ಮುಂದೆ ನಿಂತು ತಾನು ನಿರಪರಾಧಿ ಎಂದು ಸಾಬೀತುಪಡಿಸಿಕೊಂಡ.

ಅಂದಿನಿಂದ ಇಂದಿನವರೆಗೂ ಹುಡುಕಾಟ ಒಂದೇ ದಿಕ್ಕಿಗೆ ನಡೆದಿದೆ: ಅವನು ಯಾರು? ವೈದ್ಯನೆ, ಕಟುಕನೆ, ವಕೀಲನೆ, ರಾಜಮನೆತನದವನೆ? ನೂರಾರು ಪುಸ್ತಕಗಳು ಬಂದಿವೆ, ಸಿನಿಮಾಗಳಾಗಿವೆ, ಕೊಲೆಯಾದ ಜಾಗಗಳನ್ನು ರಾತ್ರಿ ಹೊತ್ತು ತೋರಿಸುವ ಪ್ರವಾಸಗಳು ನಡೆದಿವೆ. 2015ರಲ್ಲಿ ಲಂಡನ್ನಿನ ಕೇಬಲ್ ಸ್ಟ್ರೀಟ್‌ನಲ್ಲಿ ಪೂರ್ವ ಲಂಡನ್ನಿನ ಮಹಿಳೆಯರ ಚರಿತ್ರೆಗಾಗಿ ಮ್ಯೂಸಿಯಂ ಮಾಡುವುದಾಗಿ ಹೇಳಿ ಅನುಮತಿ ಪಡೆದ ಕಟ್ಟಡದಲ್ಲಿ ಕೊನೆಗೆ ತೆರೆದದ್ದು ಜಾಕ್ ದಿ ರಿಪ್ಪರ್ ಮ್ಯೂಸಿಯಂ. ಸ್ಥಳೀಯ ಮಹಿಳೆಯರು ಬೀದಿಗಿಳಿದು ಪ್ರತಿಭಟಿಸಿದರು.

ಐವರು ಹೆಂಗಸರು

ಕೊಂದವನ ಬಗ್ಗೆ ಖಚಿತವಾಗಿ ಗೊತ್ತಿರುವುದು ಏನೂ ಇಲ್ಲ. ಸತ್ತವರ ಬಗ್ಗೆ ಸಾಕಷ್ಟು ಗೊತ್ತಿದೆ. ಅವರ ಗಾಯಗಳ ವಿವರ ನೂರಾರು ಪುಸ್ತಕಗಳಲ್ಲಿ ಬಂದಿರುವುದರಿಂದ ಇಲ್ಲಿ ಅದರ ಅಗತ್ಯವಿಲ್ಲ. ಬದುಕಿನ ವಿವರವನ್ನಷ್ಟು ನೋಡಬಹುದು.

ಮೊದಲನೆಯವಳು ಮೇರಿ ಆನ್ ನಿಕೋಲ್ಸ್, ಮನೆಮಂದಿಗೆ ಪಾಲಿ. ಕಮ್ಮಾರನ ಮಗಳು. ಅಚ್ಚುಕೂಟದಲ್ಲಿ ಯಂತ್ರ ನಡೆಸುವವನನ್ನು ಮದುವೆಯಾಗಿ ಐದು ಮಕ್ಕಳನ್ನು ಹೆತ್ತಳು. ಸಂಸಾರ ಮುರಿಯಿತು. ಬಡವರನ್ನು ಕೂಡಿಹಾಕಿ ದುಡಿಸಿಕೊಳ್ಳುವ ವರ್ಕ್‌ಹೌಸ್‌ಗಳಲ್ಲಿ ವರ್ಷಗಟ್ಟಲೆ ಅಲೆದಳು. 1888ರ ಬೇಸಿಗೆಯಲ್ಲಿ ಒಂದು ಮನೆಯಲ್ಲಿ ಕೆಲಸ ಸಿಕ್ಕಿದಾಗ, ಮನೆಯವರು ಒಳ್ಳೆಯವರೆಂದು ತಂದೆಗೆ ಕಾಗದ ಬರೆದಳು. ಎರಡು ತಿಂಗಳಲ್ಲಿ ಆ ಮನೆಯ ಬಟ್ಟೆ ಕದ್ದು ಓಡಿಹೋದಳು. ಆಗಸ್ಟ್ 31ರ ರಾತ್ರಿ ಬಾಡಿಗೆ ಹಾಸಿಗೆಯ ವಸತಿಮನೆಯಲ್ಲಿ ಮಲಗಲು ನಾಲ್ಕು ಪೆನ್ನಿ ಇಲ್ಲದೆ ಹೊರಬಿದ್ದಳು. ತಲೆಯ ಮೇಲೆ ಹೊಸ ಟೋಪಿ ಇತ್ತು, ಅದರ ಬಗ್ಗೆ ಅವಳಿಗೆ ಹೆಮ್ಮೆ ಇತ್ತು. 43 ತುಂಬಿ ಆಗಷ್ಟೇ ಐದು ದಿನವಾಗಿತ್ತು.

ಹಿತ್ತಲಲ್ಲಿ ಸಿಕ್ಕಿದ ಆನಿ ಚಾಪ್ಮನ್ ಸೈನಿಕನೊಬ್ಬನ ಮಗಳು. ಗಂಡ ಶ್ರೀಮಂತರ ಸಾರೋಟು ಹೊಡೆಯುತ್ತಿದ್ದ. ವಿಂಡ್ಸರ್ ಬಳಿ ಒಡೆಯರ ಜಮೀನಿನಲ್ಲೇ ಅವರ ವಾಸ. ಗಂಡಹೆಂಡಿರು ಒಳ್ಳೆಯ ಉಡುಪು ತೊಟ್ಟು ಸ್ಟುಡಿಯೋದಲ್ಲಿ ತೆಗೆಸಿಕೊಂಡ ಫೋಟೋ ಉಳಿದಿದೆ. ಒಬ್ಬ ಮಗಳು ಹನ್ನೆರಡರ ಹರೆಯದಲ್ಲಿ ಮಿದುಳುಪೊರೆಯ ಜ್ವರದಿಂದ ತೀರಿಕೊಂಡಳು, ಮಗ ಹುಟ್ಟಿನಿಂದಲೇ ಅಂಗವಿಕಲ. ಕುಡಿತ ಹೆಚ್ಚಿ ಆನಿ ಮನೆ ಬಿಟ್ಟಳು. ಗಂಡ ವಾರಕ್ಕೆ ಹತ್ತು ಶಿಲ್ಲಿಂಗ್ ಕಳಿಸುತ್ತಿದ್ದ. 1886ರ ಡಿಸೆಂಬರ್‌ನಲ್ಲಿ ಅವನು ಸತ್ತ ಮೇಲೆ ಅದೂ ನಿಂತಿತು. ಕ್ರೋಶ ಹೆಣೆದು, ಹೂ ಮಾರಿ ದಿನ ದೂಡುತ್ತಿದ್ದಳು. ಶ್ವಾಸಕೋಶದ ರೋಗ ಎಷ್ಟು ಬಲಿತಿತ್ತೆಂದರೆ ಕೊಲೆಯಾಗದಿದ್ದರೂ ಆಕೆ ಬಹಳ ಕಾಲ ಬಾಳುತ್ತಿರಲಿಲ್ಲ. ಆ ರಾತ್ರಿ ಆಕೆಯ ಬಳಿಯೂ ಹಾಸಿಗೆಯ ಬಾಡಿಗೆಗೆ ಕಾಸಿರಲಿಲ್ಲ.

ಎಲಿಜಬೆತ್ ಸ್ಟ್ರೈಡ್ ಸ್ವೀಡನ್ನಿನ ರೈತ ಕುಟುಂಬದವಳು. ಗೋಥೆನ್‌ಬರ್ಗ್ ನಗರದಲ್ಲಿ ಮನೆಗೆಲಸಕ್ಕಿದ್ದು, 1866ರಲ್ಲಿ ಲಂಡನ್ನಿಗೆ ಬಂದಳು. ಬಡಗಿಯೊಬ್ಬನನ್ನು ಮದುವೆಯಾದಳು, ಇಬ್ಬರೂ ಸೇರಿ ಕಾಫಿ ಅಂಗಡಿ ನಡೆಸಿದರು. 1878ರಲ್ಲಿ ಥೇಮ್ಸ್ ನದಿಯಲ್ಲಿ ‘ಪ್ರಿನ್ಸೆಸ್ ಆಲಿಸ್’ ಎಂಬ ಹಡಗು ಮುಳುಗಿ ಆರುನೂರಕ್ಕೂ ಹೆಚ್ಚು ಜನ ಸತ್ತಿದ್ದರು. ತನ್ನ ಗಂಡ ಮಕ್ಕಳೂ ಅದರಲ್ಲೇ ಹೋದರೆಂದು ಆಕೆ ಕಂಡವರಿಗೆಲ್ಲ ಹೇಳುತ್ತಿದ್ದಳು. ಅದು ಸುಳ್ಳು. ಆಕೆ ಸತ್ತ ಮೇಲೆ ಇನ್ನೊಂದು ವಿಚಿತ್ರ ನಡೆಯಿತು. ಬೇರೊಬ್ಬ ಹೆಂಗಸು ವಿಚಾರಣೆಗೆ ಬಂದು, ಇದು ತನ್ನ ತಂಗಿಯ ಶವ ಎಂದು ಸಾಕ್ಷಿ ನುಡಿದಳು. ಆ ತಂಗಿ ಜೀವಂತವಾಗಿ ಬಂದು ನಿಂತ ಮೇಲೇ ಗೊಂದಲ ಬಗೆಹರಿಯಿತು.

ಅದೇ ಸೆಪ್ಟೆಂಬರ್ 30ರ ರಾತ್ರಿ, ಒಂದು ಗಂಟೆಯೊಳಗೆ, ಕ್ಯಾಥರೀನ್ ಎಡ್ಡೋಸ್ ಸತ್ತಳು. ತವರದ ತಗಡಿನ ಕೆಲಸಗಾರನ ಮಗಳು. ನಿವೃತ್ತ ಸೈನಿಕನೊಬ್ಬನ ಜೊತೆ ವರ್ಷಗಳ ಕಾಲ ಊರೂರು ತಿರುಗಿ ಲಾವಣಿಯ ಹಾಳೆಗಳನ್ನು ಮಾರಿದವಳು. ಗಲ್ಲಿನ ಕಥೆಗಳು ಹೆಚ್ಚು ಬಿಕರಿಯಾಗುತ್ತಿದ್ದ ದಂಧೆ ಅದು. ಕೊಲೆಯ ಕಥೆಗಳು ಹಾಡಾಗಿ ಹರಡುತ್ತಿದ್ದ ಲೋಕದಲ್ಲಿ ಅನ್ನ ಹುಡುಕಿಕೊಂಡವಳೇ ಕೊನೆಗೆ ಅಂತಹ ಒಂದು ಕಥೆಯಾದಳು. ಸಾಯುವ ಕೆಲವೇ ದಿನ ಮುಂಚೆ ಸಂಗಾತಿಯೊಂದಿಗೆ ಕೆಂಟ್ ಪ್ರಾಂತದಲ್ಲಿ ಹಾಪ್ಸ್ ಬೆಳೆಯ ಕೊಯ್ಲಿನ ಕೂಲಿಗೆ ಹೋಗಿದ್ದಳು. ಕೈಯಲ್ಲಿ ಏನೂ ಉಳಿಯದೆ ಅವನ ಬೂಟುಗಳನ್ನು ಗಿರವಿ ಇಟ್ಟರು. ಆಕೆಯ ಬಳಿ ಸಿಕ್ಕಿದ ಗಿರವಿ ಚೀಟಿಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಆ ಸಂಗಾತಿ ಪೊಲೀಸರ ಬಳಿಗೆ ಬಂದ.

ಐದನೆಯವಳು ಮೇರಿ ಜೇನ್ ಕೆಲ್ಲಿ. ಸುಮಾರು 25 ವರ್ಷ. ತಾನು ಐರ್ಲೆಂಡಿನಲ್ಲಿ ಹುಟ್ಟಿ ವೇಲ್ಸ್‌ನಲ್ಲಿ ಬೆಳೆದವಳೆಂದು ಹೇಳುತ್ತಿದ್ದಳು, ಅದನ್ನು ಖಚಿತಪಡಿಸಲು ಯಾರಿಗೂ ಆಗಿಲ್ಲ. ಒಂದೇ ಕೋಣೆಯ ಬಾಡಿಗೆಮನೆ, 29 ಶಿಲ್ಲಿಂಗ್ ಬಾಕಿ. ಬದುಕಿದ್ದಾಗಿನ ಆಕೆಯ ಫೋಟೋ ಒಂದೂ ಸಿಕ್ಕಿಲ್ಲ. ಕೊಲೆಯ ಮರುದಿನಗಳಲ್ಲಿ ಜಗತ್ತಿಗೆ ಉಳಿದದ್ದು ಪೊಲೀಸರು ತೆಗೆಸಿದ ಶವದ ಫೋಟೋ. ಪುಸ್ತಕದಿಂದ ಪುಸ್ತಕಕ್ಕೆ ಅದೇ ಅಚ್ಚಾಗುತ್ತ ಬಂದಿದೆ. ಅಂತ್ಯಕ್ರಿಯೆಗೆ ಸಾವಿರಾರು ಜನ ಸೇರಿದ್ದರು, ಬಂಧುವೊಬ್ಬರೂ ಬರಲಿಲ್ಲ. ಒಂದು ಚರ್ಚಿನ ನೌಕರ ತನ್ನ ಕೈಯಿಂದ ಖರ್ಚು ಕೊಟ್ಟು ಮಣ್ಣು ಮಾಡಿಸಿದ.

ಈ ಐವರ ಜೀವನವನ್ನು ಒಟ್ಟಾಗಿ ಹೇಳಿದ ಪುಸ್ತಕ ಬಂದದ್ದು 2019ರಲ್ಲಿ, ಕೊಲೆಗಳಾಗಿ 131 ವರ್ಷದ ಮೇಲೆ. ಇತಿಹಾಸಕಾರ್ತಿ ಹ್ಯಾಲಿ ರೂಬೆನ್‌ಹೋಲ್ಡ್ ಅವರ ‘ದಿ ಫೈವ್’ ಎಂಬ ಆ ಕೃತಿಗೆ ಬ್ರಿಟನ್ನಿನ ಬೈಲಿ ಗಿಫರ್ಡ್ ಪ್ರಶಸ್ತಿ ದೊರೆಯಿತು. ಐವರೂ ವೇಶ್ಯೆಯರೆಂಬುದು ಶತಮಾನದಿಂದ ಬಂದ ಮಾತು. ಅವರಲ್ಲಿ ಮೂವರ ಮಟ್ಟಿಗೆ ಅದಕ್ಕೆ ಗಟ್ಟಿ ಆಧಾರವೇ ಇಲ್ಲ ಎಂಬುದು ರೂಬೆನ್‌ಹೋಲ್ಡ್ ಅವರ ವಾದ. ಈ ಪ್ರಕರಣವನ್ನೇ ಬದುಕಿನುದ್ದಕ್ಕೂ ಅಭ್ಯಾಸ ಮಾಡಿದ ಕೆಲವರು ಅದನ್ನು ಒಪ್ಪುವುದಿಲ್ಲ. ಈ ಜಗಳ ಮುಂದುವರಿಯಲಿ. ಆದರೆ ಪಾಲಿ ಬಟ್ಟೆ ಕದ್ದಳು, ಆನಿ ಕುಡಿದಳು, ಎಲಿಜಬೆತ್ ಸುಳ್ಳು ಹೇಳಿದಳು ಎಂಬುದರಲ್ಲಿ ಅನುಮಾನವಿಲ್ಲ. ಹಾಗೆಂದು ಅವರ ಸಾವು ಹಗುರವಾಗುವುದಿಲ್ಲ. ಸತ್ತವರು ನಡತೆಯ ಸರ್ಟಿಫಿಕೇಟು ತೋರಿಸಿದ ಮೇಲೇ ಅನುಕಂಪಕ್ಕೆ ಅರ್ಹರಾಗುತ್ತಾರೆ ಎಂದರೆ ಅದು ಅನುಕಂಪವೇ ಅಲ್ಲ.

ಪುರಾಣ ತೆತ್ತ ಬೆಲೆ

ಇದೆಲ್ಲ ಹಳೆಯ ಕಥೆ, ಈಗ ಯಾರಿಗೆ ನಷ್ಟ ಎಂದು ಕೇಳುವವರಿದ್ದಾರೆ. ನಷ್ಟ ಆಗಿದೆ. 1975ರಿಂದ 1980ರವರೆಗೆ ಉತ್ತರ ಇಂಗ್ಲೆಂಡಿನಲ್ಲಿ ಪೀಟರ್ ಸಟ್‌ಕ್ಲಿಫ್ ಎಂಬ ಲಾರಿ ಚಾಲಕ 13 ಹೆಂಗಸರನ್ನು ಕೊಂದ. ಪತ್ರಿಕೆಗಳು ಹಳೆಯ ಹೆಸರನ್ನೇ ತಿರುಗಿ ಬಳಸಿ ಅವನನ್ನು ‘ಯಾರ್ಕ್‌ಷೈರ್ ರಿಪ್ಪರ್’ ಎಂದು ಕರೆದವು. ಇವನೂ ವೇಶ್ಯೆಯರನ್ನು ದ್ವೇಷಿಸುವ ಕೊಲೆಗಾರ ಎಂಬ ತೀರ್ಮಾನ ಪೊಲೀಸರ ತಲೆಯಲ್ಲಿ ಕುಳಿತಿತು. ಆ ಚೌಕಟ್ಟಿಗೆ ಹೊಂದದ ದಾಳಿಗಳನ್ನು ಬದಿಗಿಟ್ಟರು. ದಾಳಿಯಿಂದ ಬದುಕುಳಿದ ಕೆಲವರ ಹೇಳಿಕೆಗೆ ತಕ್ಕ ಮಹತ್ವ ಸಿಗಲಿಲ್ಲ.

1978 ಮತ್ತು 79ರಲ್ಲಿ ಪೊಲೀಸರಿಗೂ ಒಂದು ಪತ್ರಿಕೆಗೂ ‘ಜಾಕ್ ದಿ ರಿಪ್ಪರ್’ ಎಂಬ ಸಹಿಯ ಪತ್ರಗಳು ಬಂದವು. 1888ರ ಪತ್ರದ ಧಾಟಿಯೇ ಅವುಗಳಲ್ಲಿತ್ತು. 1979ರ ಜೂನ್‌ನಲ್ಲಿ ಒಂದು ಕ್ಯಾಸೆಟ್ಟೂ ಬಂತು. ಅದರಲ್ಲಿದ್ದ ಧ್ವನಿ ಸಂಡರ್‌ಲ್ಯಾಂಡ್ ಕಡೆಯ ಆಡುಮಾತಿನದು. ಪೊಲೀಸರು ಅದನ್ನು ನಂಬಿದರು. ಆ ಕಡೆಯ ಮಾತಿನ ಧಾಟಿ ಇಲ್ಲದವರನ್ನು ಗುಮಾನಿಯಿಂದ ಕೈಬಿಟ್ಟರು. ಅನೇಕ ಬಾರಿ ಪೊಲೀಸರ ಪ್ರಶ್ನೆಗೆ ಗುರಿಯಾಗಿದ್ದ ಸಟ್‌ಕ್ಲಿಫ್ ಹೀಗೆ ತಪ್ಪಿಸಿಕೊಂಡ. ಕ್ಯಾಸೆಟ್ ಬಂದ ಮೇಲೆ ಇನ್ನೂ ಮೂವರು ಯುವತಿಯರು, ಮಹಿಳೆಯರು ಸತ್ತರು. ಕ್ಯಾಸೆಟ್ ಕಳಿಸಿದವನು ಕುಚೋದ್ಯಗಾರ. ಅವನಿಗೆ ಎಂಟು ವರ್ಷದ ಶಿಕ್ಷೆಯಾದದ್ದು 2006ರಲ್ಲಿ. ಒಂದು ಶತಮಾನ ಮನರಂಜನೆಗೆಂದು ಬೆಳೆಸಿದ ಪುರಾಣವನ್ನು ಒಬ್ಬ ಬಾಯಿಪಾಠ ಒಪ್ಪಿಸಿದ, ತನಿಖೆ ಮಾಡಬೇಕಾದವರೂ ಅದೇ ಪುರಾಣ ಓದಿಕೊಂಡಿದ್ದರು.

1981ರ ವಿಚಾರಣೆಯಲ್ಲಿ ಸರ್ಕಾರದ ಪರ ವಾದಿಸಿದ ಅಟಾರ್ನಿ ಜನರಲ್, ಸತ್ತವರಲ್ಲಿ ಕೆಲವರು ವೇಶ್ಯೆಯರು, ಕೆಲವರು ಅಲ್ಲದಿದ್ದುದೇ ಹೆಚ್ಚು ದುಃಖದ ಸಂಗತಿ ಎಂಬರ್ಥದ ಮಾತಾಡಿದರು. ಕೋರ್ಟಿನ ಹೊರಗೆ ಮಹಿಳೆಯರು ಇದನ್ನು ಖಂಡಿಸಿ ಫಲಕ ಹಿಡಿದು ನಿಂತರು. ಆ ಕಾಲದಲ್ಲಿ ಸತ್ತವರ ಬಗ್ಗೆ ಬಳಸಿದ ಭಾಷೆಗಾಗಿ ವೆಸ್ಟ್ ಯಾರ್ಕ್‌ಷೈರ್ ಪೊಲೀಸರು ಕುಟುಂಬಗಳ ಕ್ಷಮೆ ಕೋರಿದ್ದು 2020ರಲ್ಲಿ, ಸಟ್‌ಕ್ಲಿಫ್ ಸತ್ತ ಮೇಲೆ.

ಇನ್ನೊಂದು ಮಗ್ಗುಲು

ಹಾಗಾದರೆ ಅಪರಾಧದ ಬಗ್ಗೆ ಬರೆಯಲೇ ಕೂಡದೆ? ಹಾಗೆ ಹೇಳುವುದೂ ತಪ್ಪಾಗುತ್ತದೆ. 1888ರ ಸೆಪ್ಟೆಂಬರ್‌ನಲ್ಲಿ ಬರ್ನಾರ್ಡ್ ಷಾ ‘ದಿ ಸ್ಟಾರ್’ ಪತ್ರಿಕೆಗೆ ಕಟುವಾದ ಪತ್ರವೊಂದನ್ನು ಬರೆದರು. ಸುಧಾರಕರು ವರ್ಷಗಟ್ಟಲೆ ಗಂಟಲು ಹರಿದುಕೊಂಡರೂ ಪೂರ್ವ ಲಂಡನ್ನಿನ ಬಡತನದ ಕಡೆ ತಿರುಗದ ಶ್ರೀಮಂತರ ಕಣ್ಣು ಕೆಲವು ಕೊಲೆಗಳಾದೊಡನೆ ತಿರುಗಿತು ಎಂಬುದು ಅವರ ವ್ಯಂಗ್ಯದ ತಿರುಳು. ವ್ಯಂಗ್ಯವಾದರೂ ನಿಜ. ಬಾಡಿಗೆ ಹಾಸಿಗೆಗಳ ದುಃಸ್ಥಿತಿ, ದೀಪವಿಲ್ಲದ ಓಣಿಗಳು ಪತ್ರಿಕೆಯ ಮೊದಲ ಪುಟಕ್ಕೆ ಬಂದದ್ದು ಆಗಲೇ. ಎರೋಲ್ ಮಾರಿಸ್ ಅವರ ‘ದಿ ಥಿನ್ ಬ್ಲೂ ಲೈನ್’ ಎಂಬ ಸಾಕ್ಷ್ಯಚಿತ್ರ ಇನ್ನೊಂದು ಉದಾಹರಣೆ. 1988ರ ಆ ಚಿತ್ರ ಅಮೆರಿಕದ ಟೆಕ್ಸಾಸ್‌ನಲ್ಲಿ ಪೊಲೀಸನ ಕೊಲೆಯ ಸುಳ್ಳು ಆರೋಪದ ಮೇಲೆ ಜೈಲಿನಲ್ಲಿದ್ದವನ ಪ್ರಕರಣವನ್ನು ಮತ್ತೆ ಕೆದಕಿತು. ಮರುವರ್ಷವೇ ಅವನ ಬಿಡುಗಡೆಯಾಯಿತು. ನ್ಯಾಯಾಲಯದ ತಪ್ಪನ್ನು ಕ್ಯಾಮೆರಾ ತಿದ್ದಿದ ಪ್ರಸಂಗ ಅದು.

ಆದ್ದರಿಂದ ತಪ್ಪು ಕಥೆ ಹೇಳುವುದರಲ್ಲಿಲ್ಲ, ಹೇಳುವವರ ಗಮನ ಯಾವುದರ ಮೇಲೆ ನಿಲ್ಲುತ್ತದೆ ಎಂಬುದರಲ್ಲಿದೆ. ಕಣ್ಣೀರು ಸುರಿಸಿದರೂ ಸಾಲದು. ಗಲ್ಲಿನ ಲಾವಣಿಗಳಲ್ಲಿ ಕಣ್ಣೀರಿಗೆ ಬರವಿರಲಿಲ್ಲ, ಅದೂ ಮಾರಾಟದ ಸರಕೇ ಆಗಿತ್ತು.

2022ರಲ್ಲಿ ಅಮೆರಿಕದ ಸರಣಿ ಕೊಲೆಗಾರ ಜೆಫ್ರಿ ಡಾಮರ್ ಕುರಿತ ಧಾರಾವಾಹಿಯನ್ನು ನೆಟ್‌ಫ್ಲಿಕ್ಸ್ ಪ್ರಸಾರ ಮಾಡಿದಾಗ ಈ ಪ್ರಶ್ನೆ ಮತ್ತೆ ಎದ್ದಿತು. ಸತ್ತವನೊಬ್ಬನ ಅಕ್ಕ 1992ರಲ್ಲಿ ಕೋರ್ಟಿನಲ್ಲಿ ದುಃಖ ತಡೆಯಲಾರದೆ ಆಡಿದ ಮಾತುಗಳನ್ನು ನಟಿಯೊಬ್ಬರು ಅದೇ ಉಡುಪಿನಲ್ಲಿ ಅಭಿನಯಿಸಿದ್ದರು. ತಮ್ಮನ್ನು ಯಾರೂ ಕೇಳಲಿಲ್ಲ, ತಿಳಿಸಲೂ ಇಲ್ಲ ಎಂದು ಮನೆಯವರು ದೂರಿದರು. ಕೋರ್ಟಿನಲ್ಲಿ ಆಡಿದ ಮಾತು ಸಾರ್ವಜನಿಕ ದಾಖಲೆ, ಅನುಮತಿ ಕೇಳುವ ಕಾನೂನಿನ ಅಗತ್ಯವಿಲ್ಲ ಎಂಬುದು ನಿಜ. ಕಾನೂನು ಬೇಡ ಎಂದಾಕ್ಷಣ ಮನುಷ್ಯತ್ವವೂ ಬೇಡ ಎಂದು ಅರ್ಥವಾಗುವುದಿಲ್ಲ. ಅದೇ ಕೊಲೆಗಾರನ ವಿಷಯದಲ್ಲಿ ಮಿಲ್ವಾಕಿ ನಗರದ ಜನ ಬೇರೆ ದಾರಿ ತೋರಿಸಿದ್ದರು. 1996ರಲ್ಲಿ ಅವನ ಮನೆಯ ಸಾಮಾನುಗಳು ಹರಾಜಾಗುವುದರಲ್ಲಿದ್ದವು. ಊರಿನ ಗಣ್ಯರು ನಾಲ್ಕು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿ ಅವನ್ನು ಕೊಂಡು ನಾಶಮಾಡಿಸಿದರು. ಹಣ ಸತ್ತವರ ಕುಟುಂಬಗಳಿಗಾಯಿತು.

ನಮ್ಮ ನೆಲದಲ್ಲಿ

ಭಾರತದಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು ಪಕ್ಕದ ತಮಿಳುನಾಡಿನಿಂದ. ಅನೇಕ ಕೊಲೆಗಳಿಗಾಗಿ ಮರಣದಂಡನೆಗೆ ಗುರಿಯಾಗಿದ್ದ ಆಟೋ ಶಂಕರ್ ಎಂಬವನ ಆತ್ಮಕಥೆಯನ್ನು ‘ನಕ್ಕೀರನ್’ ವಾರಪತ್ರಿಕೆ ಪ್ರಕಟಿಸಲು ಹೊರಟಾಗ ಅಧಿಕಾರಿಗಳು ತಡೆಯಲು ನೋಡಿದರು. 1994ರ ಅಕ್ಟೋಬರ್‌ನಲ್ಲಿ ಕೋರ್ಟು ಪತ್ರಿಕೆಯ ಪರವಾಗಿ ತೀರ್ಪು ಕೊಟ್ಟಿತು. ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಯಾರ ಒಪ್ಪಿಗೆಯೂ ಇಲ್ಲದೆ ಪ್ರಕಟಿಸಬಹುದೆಂದು ಹೇಳುತ್ತಲೇ ಒಂದು ವಿನಾಯಿತಿ ಇಟ್ಟಿತು. ಲೈಂಗಿಕ ದೌರ್ಜನ್ಯ, ಅಪಹರಣದಂತಹ ಅಪರಾಧಕ್ಕೆ ಬಲಿಯಾದ ಹೆಂಗಸಿನ ಹೆಸರನ್ನು ಪ್ರಚಾರ ಮಾಡಿ ಆಕೆಯನ್ನು ಮತ್ತೊಮ್ಮೆ ಅವಮಾನಕ್ಕೆ ಗುರಿಮಾಡಕೂಡದು ಎಂಬುದೇ ಅದು. ಅತ್ಯಾಚಾರಕ್ಕೊಳಗಾದವರ ಗುರುತು ಬಹಿರಂಗಪಡಿಸುವುದು ಅಪರಾಧವೆಂದು 1983ರಲ್ಲೇ ದಂಡಸಂಹಿತೆಗೆ 228ಎ ಕಲಂ ಸೇರಿತ್ತು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 72ನೇ ಕಲಂ ಆಗಿದೆ. ಹೆಸರು ಹೇಳುವುದೇ ಗೌರವ ಎಂಬ ನಿಯಮ ಎಲ್ಲೆಡೆಗೂ ಹೊಂದುವುದಿಲ್ಲ. ವೈಟ್‌ಚಾಪೆಲ್ಲಿನ ಐವರಿಗೆ ಹೆಸರು ಹಿಂದಿರುಗಿಸುವುದು ನ್ಯಾಯವಾದರೆ, ಇಲ್ಲಿ ಹೆಸರು ಮುಚ್ಚಿಡುವುದೇ ನ್ಯಾಯವಾಗಬಹುದು. ಎರಡೂ ಕಡೆ ಕೇಳಬೇಕಾದದ್ದು ಒಂದೇ: ಯಾವುದರಿಂದ ಆಕೆಯ ಮಾನ ಉಳಿಯುತ್ತದೆ?

ಕನ್ನಡದಲ್ಲಿಯೂ ಈ ಬಗೆಯ ಚಿತ್ರಗಳಿಗೆ ಜನ ಮುಗಿಬಿದ್ದಿದ್ದಾರೆ. 2012ರ ‘ದಂಡುಪಾಳ್ಯ’ ಗಳಿಕೆಯಲ್ಲಿ ಯಶಸ್ವಿಯಾಗಿ ಮುಂದಿನ ಭಾಗಗಳೂ ಬಂದವು. ಅದಕ್ಕೆ ಆಧಾರವಾದ ತಂಡದ ಹೆಸರು ಎಲ್ಲರ ಬಾಯಲ್ಲಿದೆ. ತಮ್ಮ ಮನೆಯಲ್ಲೇ ಹಾಡಹಗಲು ಸತ್ತವರ ಬಗ್ಗೆ ಒಂದು ಮಾತು ನೆನಪಿಟ್ಟವರು ಎಷ್ಟು ಮಂದಿ? ಹೊಸಕೋಟೆ ತಾಲ್ಲೂಕಿನ ಆ ಹಳ್ಳಿಯಲ್ಲಿ ಹೊಲಮನೆ ಮಾಡಿಕೊಂಡಿರುವ ಸಾಮಾನ್ಯ ಜನರೂ ಇದ್ದಾರೆ. ಊರಿನ ಹೆಸರು ಹೇಳಿದ ಕೂಡಲೇ ಕೇಳಿದವರ ಮುಖ ಬದಲಾಗುವುದನ್ನು ಅವರು ನೋಡಬೇಕು.

ಇಂಗ್ಲೆಂಡಿನ ಲಾವಣಿಯ ಪಕ್ಕದಲ್ಲಿ ಕನ್ನಡದ ‘ಕೆರೆಗೆ ಹಾರ’ ಎಂಬ ಜನಪದ ಹಾಡನ್ನು ಇಟ್ಟು ನೋಡಿದರೆ ಇನ್ನೊಂದು ವಿಷಯ ಹೊಳೆಯುತ್ತದೆ. ಅಲ್ಲಿಯೂ ಒಂದು ಕೊಲೆ ಇದೆ. ಕೆರೆಗೆ ನೀರು ಬರಲೆಂದು ಕಿರಿಯ ಸೊಸೆ ಭಾಗೀರತಿಯನ್ನು ಮನೆಯವರೇ ಬಲಿಕೊಡುತ್ತಾರೆ. ಹಾಡು ಮಾವನ ಮನಸ್ಸಿನೊಳಗೆ ಇಣುಕಲು ಹೋಗುವುದಿಲ್ಲ. ಭಾಗೀರತಿಯ ಜೊತೆಗೇ ನಡೆಯುತ್ತದೆ. ಅವಳು ತವರಿಗೆ ಹೋಗುತ್ತಾಳೆ, ಅಪ್ಪ ಅವ್ವನ ಮುಂದೆ ಬಾಯಿ ಬಿಡಲಾರಳು, ಗೆಳತಿಯ ಮುಂದೆ ಬಿಡುತ್ತಾಳೆ, ಹಿಂದಿರುಗಿ ಪೂಜೆಗೆ ಸಿದ್ಧಳಾಗುತ್ತಾಳೆ. ಕೆರೆಯ ಮೆಟ್ಟಿಲು ಮೆಟ್ಟಿಲಿಗೆ ನೀರು ಏರುವಾಗ ಕೇಳುವವರು ನಿಂತಿರುವುದು ದಡದಲ್ಲಿ ಅಲ್ಲ, ಅವಳ ಪಕ್ಕದಲ್ಲಿ. ಅಕ್ಷರ ಕಲಿಯದ ಹೆಂಗಸರು ಬೀಸುತ್ತ ಕುಟ್ಟುತ್ತ ಹಾಡಿದ ಕಥೆಗೆ ಗೊತ್ತಿದ್ದ ಈ ಮರ್ಯಾದೆ ಅಚ್ಚುಯಂತ್ರ, ಕ್ಯಾಮೆರಾ ಹಿಡಿದವರಿಗೆ ಹೊಸದಾಗಿ ಕಲಿಸಬೇಕಾಗಿ ಬಂದಿದೆ.

ಕೇಳಬೇಕಾದ ಪ್ರಶ್ನೆಗಳು

ಕಥೆ ಕಟ್ಟುವವರು ಕೆಲವು ಪ್ರಶ್ನೆಗಳನ್ನು ಕೇಳಿಕೊಂಡರೆ ಎಷ್ಟೋ ಹಾನಿ ತಪ್ಪುತ್ತದೆ. ಸತ್ತವರ ಮನೆಯವರಿಗೆ ಮುಂಚಿತವಾಗಿ ತಿಳಿಸಲಾಗಿದೆಯೆ? ಆ ವ್ಯಕ್ತಿ ಸಾಯುವುದಕ್ಕೆ ಮುಂಚೆ ಬದುಕಿದ್ದರೆಂಬುದು ಕಥೆಯಿಂದ ಗೊತ್ತಾಗುತ್ತದೆಯೆ? ಗಾಯದ ವಿವರ ಸತ್ಯ ತಿಳಿಯಲು ಬೇಕಾಗಿದೆಯೋ, ರೋಮಾಂಚನಕ್ಕೋ? ಸಾಬೀತಾಗದ ಗುಮಾನಿಯನ್ನು ಯಾರ ಮೇಲಾದರೂ ಹೊರಿಸಲಾಗಿದೆಯೆ? ಬಂದ ಲಾಭದಲ್ಲಿ ನೊಂದವರ ಪಾಲೇನು?

ಓದುವವರೂ ನೋಡುವವರೂ ಹೊಣೆಯಿಂದ ಹೊರತಲ್ಲ. 1888ರಲ್ಲಿ ಕಾಸು ಕೇಳಿದವರು ಕೆಲವರು, ಕೊಟ್ಟವರು ನೂರಾರು. ಕುತೂಹಲವನ್ನು ಕಿತ್ತೊಗೆಯಲು ಆಗದು, ಆಗಬೇಕಿಲ್ಲ. ಇಂತಹ ಒಂದು ಸರಣಿ ನೋಡಿ ಮುಗಿಸಿದ ರಾತ್ರಿ, ಸತ್ತವರ ಹೆಸರೇನು, ಏನು ಕೆಲಸ ಮಾಡುತ್ತಿದ್ದರು, ಮನೆಯಲ್ಲಿ ಯಾರಿದ್ದರು ಎಂದು ನೆನಪಿಸಿಕೊಳ್ಳಲು ಯತ್ನಿಸಬಹುದು. ಒಂದೂ ನೆನಪಾಗದಿದ್ದರೆ ಆ ಕಥೆ ಹೇಳಿದವರು ಏನು ಮಾರಿದರೆಂಬುದು ಸ್ಪಷ್ಟವಾಗುತ್ತದೆ.

ಕ್ಯಾಥರೀನ್ ಎಡ್ಡೋಸ್ ಸತ್ತಾಗ ಆಕೆಯ ಬಳಿ ಇದ್ದುದನ್ನೆಲ್ಲ ಪೊಲೀಸರು ಪಟ್ಟಿ ಮಾಡಿದ್ದರು. ಒಂದು ತಗಡಿನ ಡಬ್ಬಿಯಲ್ಲಿ ಚಹಾಪುಡಿ, ಇನ್ನೊಂದರಲ್ಲಿ ಸಕ್ಕರೆ. ಸಾಬೂನಿನ ಚೂರುಗಳು, ಬಾಚಣಿಗೆ, ಒಂದು ಚಮಚ, ಹೊಲಿಗೆಯ ಬೆರಳಟೋಪಿ, ಗುಂಡುಸೂಜಿಗಳು, ಕೆಂಪು ಕೈಗವಸು ಒಂದೇ ಒಂದು, ಮುರಿದ ಕನ್ನಡಕದ ತುಂಡು. ಮನೆಯಿಲ್ಲದ ಹೆಂಗಸು ತನ್ನ ಮನೆಯನ್ನು ಮೈಮೇಲೆ ಹೊತ್ತುಕೊಂಡು ತಿರುಗುತ್ತಿದ್ದಳು. ಕೊಲೆಗಾರನ ಸುಳಿವಿಗಾಗಿ ಆ ಪಟ್ಟಿಯನ್ನು ಸಾವಿರಾರು ಜನ ಓದಿದ್ದಾರೆ. ಅವನ ಸುಳಿವು ಅದರಲ್ಲಿ ಸಿಕ್ಕಿಲ್ಲ. ಆಕೆಯ ಸುಳಿವು ಪೂರ್ತಿಯಾಗಿ ಅಲ್ಲಿದೆ.